ಓದದೆ ಮಾಡಿದ ಸಹಿ

“ನಿಮಗ ನೀವೇ ಪತ್ರ ಬರಕೋತೀರೇನ್ರಿ?”

ಆಮ್ರಪಾಲಿ ನನ್ನೊಡನೆ ಆಡಿದ ಮೊದಲ ಮಾತು ಇದು. ಭಾಲ್ಕಿ ಬಸ್ ನಿಲ್ದಾಣದ ಎದುರಿಗಿರುವ ನಮ್ಮ ಫೋಟೊ ಸ್ಟುಡಿಯೋಕ್ಕೆ ಬಿ.ಎಡ್. ಅರ್ಜಿಗೆಂದು ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದಿದ್ದಳು. ನಾನು ಕೌಂಟರಿನ ಮೇಲೆ ಒಂದು ಲಕೋಟೆ ಇಟ್ಟುಕೊಂಡು, ಅದರ ಮೇಲೆ ನನ್ನದೇ ಹೆಸರು, ನನ್ನದೇ ವಿಳಾಸ ಬರೆದು ಸ್ಟ್ಯಾಂಪ್ ಅಂಟಿಸುತ್ತಿದ್ದೆ. ನೋಡಿದವರಿಗೆ ತಲೆ ಕೆಟ್ಟಿದೆ ಅನ್ನಿಸಿದರೆ ಅವರ ತಪ್ಪಲ್ಲ.

“ಇದು ಜವಾಬಿನ ಲಕೋಟಿರಿ,” ಅಂದೆ. “ದೊಡ್ಡ ದೊಡ್ಡ ಮಂದಿಗಿ ಪತ್ರ ಬರೀತೇನಿ. ಕ್ರಿಕೆಟ್ ಆಡವರು, ಹಾಡವರು, ಪಿಕ್ಚರ್‌ದವರು. ಪತ್ರದ ಜೋಡಿ ಅವರದೊಂದು ಫೋಟೊ, ಈ ಲಕೋಟಿ ಇಡ್ತೇನಿ. ಅವರು ಫೋಟೊದ ಮ್ಯಾಲ ಸಹಿ ಮಾಡಿ ಇದರಾಗ ಹಾಕಿ ಟಪಾಲಿಗಿ ಬಿಟ್ರ ಸೀದಾ ನನ್ನ ಅಂಗಡಿಗಿ ಬರ್ತದ.”

“ಬರ್ತದ?”

“ಹತ್ತು ಬರದ್ರ ಎರಡು ಬರ್ತಾವ.”

ಅವಳು ಲಕೋಟೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. “ಈ ಅಕ್ಷರ ಓದೂದ್ರಾಗ ಟಪಾಲಿನವನ ಕಣ್ಣು ಹೋಗ್ತಾವ್ರಿ. ಉಳಿದ ಎಂಟೂ ಬಂದಿರ್ತಾವ, ನಿಮ್ಮ ಅಂಗಡಿ ಸಿಕ್ಕಿರಂಗಿಲ್ಲ. ಕೊಡ್ರಿ ಪೆನ್ನು.”

ಕೊಟ್ಟೆ. ಹೊಸ ಲಕೋಟೆಯ ಮೇಲೆ ಅವಳು ಬರೆದಳು: ಅಮರನಾಥ ಹಾವಗೆಪ್ಪ, ಫೋಟೊ ಸ್ಟುಡಿಯೋ, ಬಸ್ ನಿಲ್ದಾಣದ ಎದುರು, ಭಾಲ್ಕಿ. ಬರೆಯುವಾಗ ಕೆಳತುಟಿಯನ್ನು ಸ್ವಲ್ಪ ಕಚ್ಚಿಕೊಳ್ಳುತ್ತಿದ್ದಳು. ನನ್ನ ಹೆಸರು ಅಷ್ಟು ಚೆಂದವಿದೆಯೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ತಟ್ಟನೆ ತಲೆ ಎತ್ತಿದಳು. ನಾನು ಅಕ್ಷರ ನೋಡುತ್ತಿಲ್ಲವೆಂಬುದು ಅವಳಿಗೆ ತಿಳಿಯಿತು.

“ಫೋಟೊ ತೆಗೀರಿ. ಬಸ್ ಅದ,” ಅಂದಳು.

ಅಂದೇ ಬಿದ್ದೆ. ಸುಳ್ಳು ಯಾಕೆ ಹೇಳಲಿ.

ಅವಳ ಅಪ್ಪ ಕಾಶೀರಾಮ ಅವರು ತಹಸೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅವಳ ಕೈಬರಹ ಅಪ್ಪನಿಂದ ಬಂದದ್ದು. ಅವರದೊಂದು ಪದ್ಧತಿ ಇತ್ತು. ಅರ್ಜಿ ಬರೆದು ಮುಗಿದ ಮೇಲೆ ಎದುರಿಗಿದ್ದವನಿಗೆ ಪೂರ್ತಿ ಓದಿ ಹೇಳುತ್ತಿದ್ದರು. “ಕೇಳೀರಿ? ಒಪ್ಪಿಗಿ ಅದ?” ಎಂದು ಕೇಳುತ್ತಿದ್ದರು. ಅವನು ಹೂಂ ಅಂದ ಮೇಲೆಯೇ ಸಹಿ. ಕೊನೆಗೆ ಕೆಳಗಿನ ಮೂಲೆಯಲ್ಲಿ ‘ಬರೆದವರು: ಕಾಶೀರಾಮ’ ಎಂದು ತಮ್ಮ ಹೆಸರು ಹಾಕುತ್ತಿದ್ದರು. ಅವಸರದ ಮಂದಿ ಬೈದರೂ ಆ ಪದ್ಧತಿ ಬಿಡಲಿಲ್ಲ.

ಆಮ್ರಪಾಲಿಗೆ ಬೀದರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲೇ ಮೈಲೂರು ಬಡಾವಣೆಯ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಪ್ರತಿ ಶನಿವಾರ ಮಧ್ಯಾಹ್ನ ಭಾಲ್ಕಿಗೆ ಬಂದವಳು ಮನೆಗೆ ಹೋಗುವ ಮೊದಲು ನಮ್ಮ ಅಂಗಡಿಯಲ್ಲಿ ಒಂದು ತಾಸು ಕೂಡುತ್ತಿದ್ದಳು. ಅವಳು ಪತ್ರ ಬರೆಯುವುದು, ನಾನು ಸಹಿ ಮಾಡುವುದು. ಒಕ್ಕಣೆ ಒಂದೇ: ಮಾನ್ಯರೇ, ನಾನು ನಿಮ್ಮ ದೊಡ್ಡ ಅಭಿಮಾನಿ, ದಯವಿಟ್ಟು ಈ ಫೋಟೊದ ಮೇಲೆ ಸಹಿ ಮಾಡಿ ಕಳಿಸಿರಿ. ವಾರದಲ್ಲಿ ಬಂದ ಜವಾಬುಗಳನ್ನು ನಾನು ಒಬ್ಬನೇ ಒಡೆಯುವಂತಿರಲಿಲ್ಲ. ಅದು ಅವಳ ಕಾಯಿದೆ. ಶನಿವಾರ ಅವಳೇ ಬ್ಲೇಡಿನಿಂದ ಲಕೋಟೆಯ ಅಂಚು ಕೊಯ್ದು, ಕಣ್ಣು ಮುಚ್ಚಿ ಫೋಟೊ ಎಳೆಯುತ್ತಿದ್ದಳು.

“ಯಾರು ಹೇಳು?”

“ಆ ಕುಸ್ತಿಯವ?”

“ಅಲ್ಲ. ನಿನ್ನ ಹೀರೋಯಿನ್. ನೋಡು, ಹ್ಯಾಂಗ ನಗ್ಲತ್ತಾಳ ನಿನ್ನ ನೋಡಿ.”

“ನನ್ನ ನೋಡಿ ನಗೋರು ಭಾಳ ಮಂದಿ ಆಗ್ಯಾರ.”

“ನಾ ಒಬ್ಬಾಕಿ ಖರೆ ನಗ್ತೇನಿ,” ಅನ್ನುತ್ತಿದ್ದಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಮುಚ್ಚುತ್ತಿತ್ತು. ಮುಖ ನೋಡುವುದೇ ಕಸುಬಾದವನು ನಾನು, ಇದನ್ನೆಲ್ಲ ಗಮನಿಸದೆ ಇರುತ್ತೇನೆಯೇ?

ಒಮ್ಮೆ ಕೇಳಿದೆ: “ನಿಮ್ಮ ಅಪ್ಪಾಜಿ ಹಂಗ ನೀ ಯಾಕ ಕೆಳಗ ‘ಬರೆದವಳು’ ಅಂತ ಹಾಕಂಗಿಲ್ಲ?”

“ನನ್ನ ಸಹಿ ಯಾರಿಗಿ ಬೇಕಾಗ್ಯಾದ?” ತಲೆ ಎತ್ತದೆ ಅಂದಳು.

ನನಗೆ ಬೇಕು ಎಂಬುದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಪಕ್ಕದ ಹೋಟೆಲಿಗೆ ಎರಡು ಚಹಾ ಹೇಳಿದೆ.

ಯಾಕೆ ಹೇಳಲಿಲ್ಲ ಅಂದರೆ, ನಾವು ಲಿಂಗಾಯತರು, ಅವರು ಬೌದ್ಧ ಧರ್ಮಕ್ಕೆ ಸೇರಿದ ದಲಿತರು. ನಮ್ಮಪ್ಪ ದಿನಾ ಬೆಳಿಗ್ಗೆ ಬಸವಣ್ಣನವರ ಫೋಟೊಕ್ಕೆ ಕೈಮುಗಿದು ಜಾತಿಯಿಲ್ಲ ಅನ್ನುವ ವಚನಗಳನ್ನೇ ಹಾಡುತ್ತಾನೆ. ಹಾಡಿ ಮುಗಿಸಿ, ಓಣಿಯಲ್ಲಿ ಯಾರ ಮಗ ಯಾವ ಜಾತಿಯವಳ ಹಿಂದೆ ಹೋದ ಎಂದು ನಮ್ಮವ್ವ ರುಕ್ಮಿಣಿಬಾಯಿಯ ಮುಂದೆ ಹಲ್ಲು ಕಡಿಯುತ್ತಾನೆ. ಅದು ನೆಪ, ಗೊತ್ತು. ಖರೆ ಅಂದರೆ ನಾನು ಪುಕ್ಕಲ. ಅವಳು ಬೇಡ ಅಂದರೆ ಶನಿವಾರವೂ ಹೋಗುತ್ತದಲ್ಲ ಎಂದು ಹೆದರಿದ್ದೆ.

ಹೀಗೆ ಒಂದು ವರ್ಷ ದಾಟಿತು. ಒಂದು ಶನಿವಾರ ಹೇಮಾಂಬಿಕಾ ಅವರಿಗೆ ಪತ್ರ ಬರೆಯುವುದಿತ್ತು. ನಮ್ಮವ್ವನ ಕಾಲದ ನಟಿ, ಸಿನಿಮಾ ಬಿಟ್ಟು ಮೈಸೂರಿನಲ್ಲಿ ಇದ್ದವರು. ಅಂದು ಅಂಗಡಿಯಲ್ಲಿ ಗದ್ದಲ. ಸಾಲಿ ಮಕ್ಕಳು ಫೋಟೊಕ್ಕೆ ಸಾಲು ಹಚ್ಚಿದ್ದರು. ಆಮ್ರಪಾಲಿ ಮೂಲೆಯಲ್ಲಿ ಕೂತು ಎಂದಿಗಿಂತ ಹೆಚ್ಚು ಹೊತ್ತು ಬರೆದಳು. ಆಮೇಲೆ ಹಾಳೆಯನ್ನು ನನ್ನ ಮುಂದಿಟ್ಟು, ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಳು.

“ಓದಿ ಸಹಿ ಮಾಡು.”

“ಎಲ್ಲಾ ಒಂದೇ ಇರ್ತದಲ್ಲ.”

“ಒಮ್ಮಿ ಓದು, ಅಮರ.”

ಅವಳು ಅಮರ ಅಂದದ್ದು ಅದೇ ಮೊದಲು. ಅದನ್ನಾದರೂ ಕೇಳಿಸಿಕೊಳ್ಳಬೇಕಿತ್ತು. ಕ್ಯಾಮೆರಾದ ಮುಂದೆ ಒಂದು ಕೂಸು ಅಳುತ್ತಿತ್ತು. “ನಿನ್ನ ಮ್ಯಾಲ ಪೂರಾ ಭರೋಸಾ ಅದ,” ಎಂದು ಅವಳ ಬೆರಳ ಸಂದಿನಲ್ಲೇ ಸರ್ರನೆ ಸಹಿ ಎಳೆದುಬಿಟ್ಟೆ. ದೊಡ್ಡ ಮಾತು ಆಡಿದೆನೆಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಳೆ ಮಡಚಿ, ಲಕೋಟೆಗೆ ಹಾಕಿ, ತಾನೇ ಟಪಾಲಿಗೆ ಹಾಕಿ ಹೋದಳು. ಸಂಜೆ ನೋಡಿದರೆ ಹೇಮಾಂಬಿಕಾ ಅವರ ಫೋಟೊ ಕೌಂಟರಿನ ಮೇಲೆಯೇ ಬಿದ್ದಿತ್ತು.

“ಫೋಟೊನೇ ಇಟ್ಟಿಲ್ಲ ನೀ. ಇನ್ನ ಅವರು ಎದರ ಮ್ಯಾಲ ಸಹಿ ಮಾಡ್ತಾರ?” ಎಂದು ಮುಂದಿನ ಶನಿವಾರ ರೇಗಿಸಿದೆ.

“ಮಾಡೋರು ಎದರ ಮ್ಯಾಲಾದ್ರೂ ಮಾಡ್ತಾರ. ಜವಾಬು ಬಂತಾ?”

“ಇಷ್ಟು ಜಲ್ದಿ ಎಲ್ಲಿಂದ ಬರಬೇಕು?”

ಅಲ್ಲಿಂದ ಪ್ರತಿ ಶನಿವಾರ ಅದೊಂದೇ ಪ್ರಶ್ನೆ. ಬೇರೆ ಲಕೋಟೆಗಳನ್ನು ನಾನೇ ಒಡೆಯಬಹುದು ಅಂದಳು. ಹೇಮಾಂಬಿಕಾ ಅವರದು ಬಂತಾ? ಬಂದಿಲ್ಲ. ನಮ್ಮವ್ವನಿಗಿಂತ ಇವಳಿಗೇ ಆ ನಟಿಯ ಹುಚ್ಚು ಹೆಚ್ಚು ಎಂದುಕೊಂಡೆ. ನನ್ನಂಥ ಶಾಣ್ಯಾ ಭಾಲ್ಕಿ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಬಿ.ಎಡ್. ಮುಗಿದ ತಿಂಗಳು ಅವಳು ಅಪ್ಪನ ಜೊತೆ ಬಂದಳು. ಹಸಿರು ಸೀರೆ ಉಟ್ಟಿದ್ದಳು.

“ಛಲೋ ಒಂದು ಫೋಟೊ ತೆಗಿ ತಮ್ಮಾ,” ಅಂದರು ಕಾಶೀರಾಮ ಅವರು. “ಔರಾದಿನಾಗ ಒಂದು ಸಂಬಂಧ ಅದ. ಹುಡುಗ ಕೃಷಿ ಇಲಾಖೆಯಾಗ ಇದ್ದಾನ.” ಹೇಳಿ, ಫೋನ್ ಬಂತೆಂದು ಹೊರಗೆ ಹೋದರು.

ಕ್ಯಾಮೆರಾದ ಹಿಂದೆ ನಿಂತೆ. ಅವಳು ಸ್ಟೂಲಿನ ಮೇಲೆ ಕೂತು ನೇರ ಲೆನ್ಸಿನೊಳಗೆ ನೋಡಿದಳು.

“ಜವಾಬು ಬಂತಾ?”

“ಬಂದಿಲ್ಲ.”

“ನೀ ಏನರ ಹೇಳೋದು ಅದ ಏನು?”

“ಗದ್ದ ಸ್ವಲ್ಪ ಎತ್ತು,” ಅಂದೆ.

ಎತ್ತಿದಳು. ಕಣ್ಣಲ್ಲಿ ನೀರು ನಿಂತು ಬೆಳಕು ಚೆನ್ನಾಗಿ ಹೊಳೆಯುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ತೆಗೆದ ಅತ್ಯಂತ ಒಳ್ಳೆಯ ಫೋಟೊ ಅದು. ಔರಾದಿನವರು ಅದನ್ನು ನೋಡಿಯೇ ಒಪ್ಪಿದರಂತೆ. ಮದುವೆ ಬೀದರದಲ್ಲಿ ಆಯಿತು. ಫೋಟೊ ತೆಗೆಯಲು ನನ್ನನ್ನೇ ಕರೆದಿದ್ದರು. ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಮಲಗಿದೆ.

ಲಕೋಟೆಗಳು ಮಾತ್ರ ನಿಲ್ಲಲಿಲ್ಲ. ಈ ಹವ್ಯಾಸವೇ ಹಾಗೆ, ಎರಡು ವರ್ಷ, ಮೂರು ವರ್ಷದ ಮೇಲೂ ಜವಾಬು ಬರುತ್ತವೆ. ಅವಳು ಹೋದ ಮೇಲೆ ಹನ್ನೊಂದು ಬಂದವು. ಒಂದೊಂದರ ಮೇಲೂ ಅವಳ ಕೈಯಲ್ಲಿ ನನ್ನ ಹೆಸರು. ಒಳಗಿನ ಸಹಿ ಯಾರದೆಂದು ನೋಡುವ ಆಸೆ ಯಾವತ್ತೋ ಹೋಗಿತ್ತು. ಹೊಸ ಪತ್ರ ಬರೆಯುವುದನ್ನೂ ಬಿಟ್ಟಿದ್ದೆ.

ಹನ್ನೆರಡನೆಯದು ಐದು ವರ್ಷದ ಮೇಲೆ, ಹೋದ ಶ್ರಾವಣದಲ್ಲಿ ಮೈಸೂರಿನಿಂದ ಬಂತು. ಒಡೆದರೆ ಫೋಟೊ ಇರಲಿಲ್ಲ. ನಮ್ಮದೇ ಪತ್ರ ಇತ್ತು, ಹಳದಿ ತಿರುಗಿದ್ದು. ಅಂದು ಮೊದಲ ಸಲ ಅದನ್ನು ಓದಿದೆ.

‘ಪೂಜ್ಯ ಹೇಮಾಂಬಿಕಾ ಅಮ್ಮನವರಿಗೆ, ಭಾಲ್ಕಿಯ ಅಮರನಾಥನ ನಮಸ್ಕಾರಗಳು. ಎಲ್ಲರಿಂದ ಸಹಿ ಕೇಳುವವನು ನಾನು. ನಿಮ್ಮಿಂದ ಬುದ್ಧಿಮಾತು ಕೇಳುತ್ತಿದ್ದೇನೆ. ನನ್ನ ಪತ್ರಗಳನ್ನು ಬರೆದುಕೊಡುವ ಹುಡುಗಿಯೊಬ್ಬಳಿದ್ದಾಳೆ. ಹೆಸರು ಆಮ್ರಪಾಲಿ. ಅವಳೆಂದರೆ ನನಗೆ ಪ್ರಾಣ. ಜಾತಿ ಬೇರೆ, ಹೇಳಲು ಧೈರ್ಯವಿಲ್ಲ. ಕೇಳಿದರೆ ಅವಳು ಒಲ್ಲೆ ಅನ್ನುವುದಿಲ್ಲ, ಮನೆಯವರನ್ನು ಎದುರಿಸಲೂ ತಯಾರಿದ್ದಾಳೆ. ನಾನು ಹೇಳಲೋ ಬೇಡವೋ? ನಿಮ್ಮ ಮಾತಿನಂತೆ ನಡೆಯುತ್ತೇನೆ.’

ಕೆಳಗೆ ನನ್ನ ಸಹಿ. ಬಾಲ ಎಳೆದ, ದಿಮಾಕಿನ ಸಹಿ. ಅದರ ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ ‘ಹೇಳಪ್ಪ. ತಡ ಮಾಡಬೇಡ’ ಎಂದು ಬರೆದು ಹೇಮಾಂಬಿಕಾ ಅವರು ಸಹಿ ಮಾಡಿದ್ದರು. ಜೊತೆಗೆ ಅವರ ಮಗಳ ಚೀಟಿ: ‘ಅಮ್ಮ ಬಹಳ ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಹಳೆಯ ಟಪಾಲಿನ ಪೆಟ್ಟಿಗೆಯಲ್ಲಿ ಇದು ಸಿಕ್ಕಿತು. ಓದಿ ಹೇಳಿದೆ, ಪೆನ್ನು ಕೇಳಿದರು. ಮದುವೆಯಾಗಿದ್ದರೆ ಇಬ್ಬರಿಗೂ ಅಮ್ಮನ ಆಶೀರ್ವಾದ.’

ಅಂಗಡಿಯ ಶಟರ್ ಅರ್ಧ ಇಳಿಸಿ ಒಳಗೆ ಕೂತು ಅತ್ತೆ. ಗಟ್ಟಿಯಾಗಿಯೇ ಅತ್ತೆ.

ಮರುದಿನ ಕಮಲನಗರದಲ್ಲಿ ಬಸ್ ಬದಲಿಸಿ ಔರಾದಿಗೆ ಹೋದೆ. ಯಾಕೆ ಹೋದೆ ಅಂದರೆ, ‘ನಿಮ್ಮ ಮಾತಿನಂತೆ ನಡೆಯುತ್ತೇನೆ’ ಎಂಬ ಮಾತಿನ ಕೆಳಗೆ ನನ್ನ ಸಹಿ ಇತ್ತು. ಅವಳ ಸಂಸಾರ ಕೆಡಿಸಲು ಹೋಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೇಳಬೇಕಾದ್ದನ್ನು ಒಮ್ಮೆ ಹೇಳಿ ಬರೋಣ ಎಂದಷ್ಟೇ.

ಅವಳು ಅಲ್ಲಿನ ಸಾಲಿಯಲ್ಲಿ ಟೀಚರ್. ಊಟದ ಬಿಡುವು. ಮಕ್ಕಳು ಪಡಸಾಲೆಯಲ್ಲಿ ತಾಟು ಹಿಡಿದು ಕೂತಿದ್ದರು. ನನ್ನನ್ನು ನೋಡಿ ಅವಳ ಮುಖ ಅರಳಿತು, ಆಮೇಲೆ ಕೈಯಲ್ಲಿನ ಲಕೋಟೆ ನೋಡಿ ಬಿಳಿಚಿತು.

“ಆರಾಮ ಇದ್ದೀರೇನ್ರಿ?” ಅಂದಳು. ಮತ್ತೆ ಬಹುವಚನ.

“ಇದ್ದೀನ್ರಿ. ಮನ್ಯಾಗ ಎಲ್ಲಾರೂ?”

“ಛಲೋ ಇದ್ದಾರ್ರಿ. ನಮ್ಮ ಮನಿಯವರು ಅನೀಲಕುಮಾರ ಭಾಳ ಒಳ್ಳೇವರು. ಮಗಳಿಗಿ ಮೂರು ವರ್ಷ.” ಸ್ವಲ್ಪ ತಡೆದು, “ಮೈಸೂರಿಂದು?” ಅಂದಳು.

“ಹೌದ್ರಿ. ಈ ಸಲ ಓದೀನಿ.”

ಹುಣಸೆ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತೆವು, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು. ಅವಳು ಹಾಳೆ ಬಿಚ್ಚಿ ಹೇಮಾಂಬಿಕಾ ಅವರ ಸಾಲನ್ನು ಬೆರಳಿನಿಂದ ಸವರಿದಳು.

“ಹೇಳು ಅಂದಾರ್ರಿ ಅವರು,” ಅಂದೆ.

“ತಡ ಮಾಡಬ್ಯಾಡ ಅಂತನೂ ಅಂದಾರ್ರಿ.”

ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳೇ ಮುಂದುವರಿಸಿದಳು. “ತಪ್ಪು ನನ್ನದೂ ಅದ. ಓದಿ ಹೇಳದೆ ಯಾರ ಕೈಲೂ ಸಹಿ ಮಾಡಿಸಬಾರದು ಅಂತ ಅಪ್ಪ ಕಲಸಿದ್ದ. ನಾ ಓದಿ ಹೇಳಲಿಲ್ಲ. ನೀವೇ ಓದ್ತೀರಿ ಅಂತ ಕಾದೆ.”

ಆಮೇಲೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದಳು. ಮೆಲ್ಲಗೆ, ಆದರೆ ಒಂದು ಅಕ್ಷರವನ್ನೂ ಬಿಡದೆ. ನನ್ನ ಹೆಸರು, ಭಾಲ್ಕಿ, ಹುಡುಗಿಯೊಬ್ಬಳಿದ್ದಾಳೆ, ಹೆಸರು ಆಮ್ರಪಾಲಿ. ‘ಅವಳೆಂದರೆ ನನಗೆ ಪ್ರಾಣ’ ಎನ್ನುವಲ್ಲಿ ದನಿ ಒಡೆಯಿತು. ಆ ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಕೊನೆಯತನಕ ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

“ಕೇಳೀರಿ?”

“ಕೇಳೀನ್ರಿ.”

“ಒಪ್ಪಿಗಿ ಅದ?”

“ಒಪ್ಪಿಗಿ ಅದ್ರಿ,” ಅಂದೆ. “ಅವತ್ತೂ ಇತ್ತು, ಇವತ್ತೂ ಅದ.”

ಅವಳು ತಲೆ ಆಡಿಸಿದಳು. ನನ್ನ ಜೇಬಿನ ಪೆನ್ನಿಗೆ ಕೈಚಾಚಿದಳು, ಕೊಟ್ಟೆ. ಕೆಳತುಟಿ ಕಚ್ಚಿಕೊಂಡು, ಹಾಳೆಯ ಕೆಳಗಿನ ಮೂಲೆಯಲ್ಲಿ ಬರೆದಳು: ‘ಬರೆದವಳು: ಆಮ್ರಪಾಲಿ.’ ಅಡ್ಡಹೆಸರು ಹಾಕಲಿಲ್ಲ, ಗಂಡನದೂ ಅಲ್ಲ, ಅಪ್ಪನದೂ ಅಲ್ಲ. ಮಡಚಿ ನನ್ನ ಕೈಗೆ ಕೊಟ್ಟಳು.

“ನೀವೇ ಇಟ್ಕೋರಿ. ಲಕೋಟಿ ಮ್ಯಾಲ ನಿಮ್ಮ ಹೆಸರದ.”

ಗಂಟೆ ಹೊಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಇನ್ನ ಬರಬ್ಯಾಡ್ರಿ,” ಅಂದಳು. ಎರಡು ಹೆಜ್ಜೆ ಹೋಗಿ, ತಿರುಗದೆ, “ಬಸ್ ಅದ, ಜಲ್ದಿ ಹೋಗು ಅಮರ,” ಅಂದಳು. ಒಳಗೆ ಮಕ್ಕಳು ಎದ್ದು ನಿಂತು ಟೀಚರಿಗೆ ನಮಸ್ಕಾರ ಹೇಳಿದ್ದು ಹೊರಗಿನತನಕ ಕೇಳಿಸಿತು.

ಭಾಲ್ಕಿಗೆ ಬಂದ ಮೇಲೆ ಹೇಮಾಂಬಿಕಾ ಅವರಿಗೊಂದು ಕಾಗದ ಬರೆದೆ, ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ. ‘ಅಮ್ಮಾ, ನೀವು ಅಂದಂತೆ ಅವಳಿಗೆ ಹೇಳಿದೆ. ಅವಳು ಸಹಿ ಮಾಡಿಕೊಟ್ಟಳು.’ ಉಳಿದದ್ದು ಬರೆಯಲಿಲ್ಲ. ವಯಸ್ಸಾದವರು, ತಡವಾಯಿತೆಂದು ನೊಂದುಕೊಂಡಾರು. ಸಹಿ ಮಾಡುವ ಮೊದಲು ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಟಪಾಲು ಡಬ್ಬಿಗೆ ಹಾಕಿದೆ. ಜವಾಬಿನ ಲಕೋಟೆ ಇಡಲಿಲ್ಲ.