ಎರಡು ಸ್ವಿಚ್ಚು, ಒಂದು ಬಲ್ಬು

"ಹಾಕು!" ಎಂದು ಅಮ್ಮ ಮೇಲಿನಿಂದ ಕೂಗಿದಳು.

ಟಕ್. ಮೆಟ್ಟಿಲ ದೀಪ ಹತ್ತಿಕೊಂಡಿತು.

"ಈಗ ನಾನು ಆರಿಸ್ತೀನಿ, ನೋಡು!"

ಟಕ್. ದೀಪ ಆರಿತು.

ಕೆಳಗೆ ನಿಂತಿದ್ದ ಹುಡುಗಿ ಬಾಯಿ ಬಿಟ್ಟುಕೊಂಡು ಬಲ್ಬನ್ನೇ ನೋಡಿದಳು. ದಿನಾ ಶಾಲೆಯಿಂದ ಬಂದು ಈ ಸ್ವಿಚ್ ಒತ್ತಿ, ಮೆಟ್ಟಿಲು ಹತ್ತಿ, ಮೇಲಿನ ಸ್ವಿಚ್ ಒತ್ತಿ ಮನೆಯೊಳಗೆ ಓಡುತ್ತಿದ್ದವಳು ಅವಳು. ಇದರಲ್ಲಿ ಏನೋ ವಿಚಿತ್ರ ಇದೆ ಅಂತ ಇವತ್ತಿನವರೆಗೂ ಅನ್ನಿಸಿರಲಿಲ್ಲ.

"ಅಮ್ಮಾ, ನೀನು ಮೇಲೆ ಆರಿಸಿದ್ದು ಈ ಕೆಳಗಿನ ಸ್ವಿಚ್ಚಿಗೆ ಹೇಗೆ ಗೊತ್ತಾಗುತ್ತೆ?"

ಅಷ್ಟರಲ್ಲಿ ಕೆಳಮನೆಯ ಬಾಗಿಲು ತೆರೆಯಿತು. ಅಲ್ಲಿನ ಅಜ್ಜ ಕನ್ನಡಕವನ್ನು ಹಣೆಗೇರಿಸಿಕೊಂಡು ಹೊರಗೆ ಬಂದರು.

"ಏನಿದು, ನಮ್ಮ ಕಟ್ಟಡಕ್ಕೆ ಕಣ್ಣು ಹೊಡೆಯೋ ಕಾಯಿಲೆ ಬಂತಾ?"

"ನಾವೇ ಅಜ್ಜ. ಅಮ್ಮನ ಹೋಮ್‌ವರ್ಕ್ ಮಾಡ್ತಿದ್ದೀವಿ."

"ಮಕ್ಕಳ ಹೋಮ್‌ವರ್ಕ್ ಅಮ್ಮಂದಿರು ಮಾಡೋದು ನೋಡಿದ್ದೆ. ಅಮ್ಮನ ಹೋಮ್‌ವರ್ಕ್ ಮಗಳು ಮಾಡೋದು ಇದೇ ಮೊದಲು ಕಣೇ ಯಾಕಮ್ಮ!"

ಯಾಕಮ್ಮ ಅನ್ನುವುದು ಅವಳ ನಿಜವಾದ ಹೆಸರಲ್ಲ. ಮಾತು ಬಂದಾಗಿನಿಂದ ಅವಳು "ಇದು ಯಾಕಮ್ಮ? ಅದು ಯಾಕಮ್ಮ?" ಎಂದು ತಾಯಿಯ ಸೆರಗು ಹಿಡಿದು ತಿರುಗುತ್ತಿದ್ದಳು. ಅದನ್ನು ಕೇಳಿ ಕೇಳಿ ಅಜ್ಜನೇ ಇಟ್ಟ ಹೆಸರು ಅದು. ಈಗ ಕಟ್ಟಡಕ್ಕೆಲ್ಲ ಅವಳು ಯಾಕಮ್ಮನೇ.

ಅಜ್ಜ ನಗುತ್ತಾ ಒಳಗೆ ಹೋದರು. ಅಮ್ಮ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತಳು.

"ಹೇಳಮ್ಮಾ, ಹೇಗೆ ಗೊತ್ತಾಗುತ್ತೆ?"

"ಅದೇ ನನಗೂ ಗೊತ್ತಿಲ್ಲ."

ಯಾಕಮ್ಮನಿಗೆ ಆಶ್ಚರ್ಯವಾಯಿತು. "ನಿಮ್ಮ ಸರ್ ಹೇಳ್ಕೊಡಲಿಲ್ವಾ?"

"ಹೇಳ್ಕೊಟ್ರು. ಬೋರ್ಡ್ ಮೇಲೆ ಬರೆದೂ ತೋರಿಸಿದ್ರು. ಆಮೇಲೆ 'ಅರ್ಥ ಆಯ್ತಾ?' ಅಂದ್ರು. ಎಲ್ಲರೂ 'ಆಯ್ತು ಸರ್' ಅಂದ್ರು." ಅಮ್ಮ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಾಡಿಸಿದಳು. "ನಾನೂ ಅಂದುಬಿಟ್ಟೆ."

"ಅರ್ಥ ಆಗದೇನೇನಾ?"

"ಹ್ಞೂ."

ಯಾಕಮ್ಮನಿಗೆ ತನ್ನ ಕ್ಲಾಸು ನೆನಪಾಯಿತು. ಅಲ್ಲಿ ಮಿಸ್ ಭಿನ್ನರಾಶಿ ಕಲಿಸುತ್ತಿದ್ದರು. ಎಂಟು ನಾಲ್ಕಕ್ಕಿಂತ ದೊಡ್ಡದು. ಆದರೆ ಎಂಟನೇ ಒಂದು ನಾಲ್ಕನೇ ಒಂದಕ್ಕಿಂತ ಚಿಕ್ಕದಂತೆ! ಅದು ಹೇಗೆ ಅಂತ ಅವಳ ತಲೆಗೆ ಹೋಗಿರಲಿಲ್ಲ. ಆದರೂ ಮಿಸ್ ಕೇಳಿದಾಗ ಎಲ್ಲರ ಜೊತೆ ರಾಗ ಎಳೆದು "ಆಯ್ತು ಮಿ...ಸ್" ಅಂದಿದ್ದಳು. ಮನೆಯಲ್ಲಿ ಬಾಯಿ ಮುಚ್ಚದ ಯಾಕಮ್ಮ ಶಾಲೆಯಲ್ಲಿ ಬಾಯಿ ತೆರೆಯುತ್ತಿದ್ದುದು ಆ ಒಂದು ಮಾತಿಗೆ ಮಾತ್ರ.

ಅದನ್ನು ಅವಳು ಅಮ್ಮನಿಗೆ ಹೇಳಲಿಲ್ಲ.

ಅಮ್ಮ ಮೊದಲು ಶರ್ಟು ಹೊಲಿಯುವ ಫ್ಯಾಕ್ಟರಿಯಲ್ಲಿದ್ದಳು. ಇಡೀ ಶರ್ಟಲ್ಲ, ಬರೀ ಕಾಲರ್. ದಿನವೆಲ್ಲ ಕಾಲರ್, ಕಾಲರ್, ಕಾಲರ್. ಒಮ್ಮೊಮ್ಮೆ ಕರೆಂಟ್ ಕೈಕೊಟ್ಟು ಸಾಲು ಮಿಷನ್‌ಗಳು ಒಟ್ಟಿಗೇ ನಿಂತುಬಿಡುತ್ತಿದ್ದವು. ಆಗ ಉಳಿದವರೆಲ್ಲ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು ಹರಟೆ ಹೊಡೆಯುತ್ತಿದ್ದರು. ಅಮ್ಮ ಮಾತ್ರ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಹಿಂದೆ ಹೋಗಿ ನಿಂತು, ಡಬ್ಬಿಯೊಳಗಿನ ಕೆಂಪು, ಕಪ್ಪು ವೈರ್‌ಗಳನ್ನು ಇಣುಕಿ ನೋಡುತ್ತಿದ್ದಳು.

"ಅಕ್ಕಾ, ಇಷ್ಟೊಂದು ಆಸೆ ಇದ್ರೆ ನೀವೇ ಕಲಿತುಬಿಡಿ" ಎಂದು ಅವನು ಒಂದು ದಿನ ತಮಾಷೆ ಮಾಡಿದ. ಅಮ್ಮ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಕೆಲಸ ಬಿಟ್ಟು ವೈರಿಂಗ್ ಕಲಿಸುವ ಶಾಲೆಗೆ ಸೇರಿಕೊಂಡಳು.

ಮೊದಲ ದಿನ ಅವಳು ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ದಡಬಡ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದಿದ್ದರಂತೆ. ಮೇಡಂ ಎಲ್ಲಿ ಅಂತ ಅಮ್ಮ ಹಿಂದೆ ತಿರುಗಿ ನೋಡಿದಳಂತೆ! ಅದನ್ನು ಹೇಳುವಾಗೆಲ್ಲ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಆದರೆ ಆ ದಿನದಿಂದ ಕ್ಲಾಸಿನಲ್ಲಿ ಎದ್ದು ನಿಲ್ಲುವುದೆಂದರೆ ಅವಳಿಗೆ ಮುಜುಗರ.

ಈ ಮೆಟ್ಟಿಲ ದೀಪದ ಪರೀಕ್ಷೆಯಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಮೇಲಿನ ಸ್ವಿಚ್ ಆರಿಸಿದರೆ ಕೆಳಗಿನದು ಸತ್ತೇ ಹೋಗುತ್ತಿತ್ತು. ನಾಳಿದ್ದು ಮತ್ತೆ ಪರೀಕ್ಷೆ.

"ಈ ಸಲವೂ ಬಲ್ಬ್ ಹತ್ತದಿದ್ರೆ?" ಯಾಕಮ್ಮ ಕೇಳಿದಳು.

"ಹತ್ತದಿದ್ರೆ ಮುಂದಿನ ಕ್ಲಾಸಿಗೆ ಸೇರಿಸಿಕೊಳ್ಳಲ್ಲ. ಮತ್ತೆ ಕಾಲರ್" ಅಂದಳು ಅಮ್ಮ.

ಮರುದಿನ ಯಾಕಮ್ಮನ ಶಾಲೆಗೆ ರಜೆ. ನೀರಿನ ಪೈಪು ಒಡೆದು ಶಾಲೆಯ ವರಾಂಡವೆಲ್ಲ ಕೆರೆಯಾಗಿತ್ತು. ಅಪ್ಪನಿಗೆ ಬಸ್ ಡ್ಯೂಟಿ. ಅಮ್ಮ ಮಗಳನ್ನು ತನ್ನ ಕ್ಲಾಸಿಗೇ ಕರೆದುಕೊಂಡು ಹೋದಳು.

"ಅಲ್ಲಿ ಯಾಕೆ, ಏನು ಅಂತ ಶುರು ಮಾಡ್ಬೇಡ. ಕೂತಲ್ಲೇ ಕೂತಿರ್ಬೇಕು."

"ಉಸಿರಾಡ್ಬಹುದಾ?"

"ಮೆಲ್ಲಗೆ."

ಕ್ಲಾಸಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇತ್ತು. ಗೋಡೆಗೆ ಒರಗಿಸಿದ ಹಲಗೆಗಳ ಮೇಲೆ ಬಲ್ಬು, ಸ್ವಿಚ್ಚು, ಬಣ್ಣಬಣ್ಣದ ವೈರು. ಮೂರು ಸಾಲು ಬೆಂಚು, ನಡುವೆ ಎರಡು ಓಣಿ. ಯಾಕಮ್ಮನಿಗೆ ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲು ಸಿಕ್ಕಿತು. ಅಲ್ಲಿಂದ ಬೆಂಚುಗಳ ಕೆಳಗಿನ ಕಾಲುಗಳೆಲ್ಲ ಕಾಣುತ್ತಿದ್ದವು. ಸುತ್ತ ಹುಡುಗರ ದೊಡ್ಡ ದೊಡ್ಡ ಶೂಗಳು. ಮೊದಲ ಬೆಂಚಿನಲ್ಲಿ ಅಮ್ಮನ ಬರಿಗಾಲು. ಹೊಲಿಗೆ ಮಿಷನ್ ತುಳಿದು ತುಳಿದು ಅಮ್ಮನಿಗೆ ಅದೇ ಅಭ್ಯಾಸ. ಕೂತ ತಕ್ಷಣ ಚಪ್ಪಲಿ ಬಿಟ್ಟುಬಿಡುತ್ತಿದ್ದಳು.

ಸರ್ ಬಂದರು. ಬೋರ್ಡಿನ ಕಡೆ ಮುಖ ಮಾಡಿ ಗೆರೆ ಎಳೆಯತೊಡಗಿದರು. ಅವರ ಕೈಯೂ ಬೇಗ, ಬಾಯಿ ಇನ್ನೂ ಬೇಗ.

"ಇದು ಮೊದಲನೇ ಸ್ವಿಚ್. ಇದು ಎರಡನೇ ಸ್ವಿಚ್. ಮಧ್ಯೆ ಎರಡು ವೈರ್. ಇಲ್ಲಿಂದ ಬಲ್ಬು. ಮುಗೀತು. ಅರ್ಥ ಆಯ್ತಾ?"

"ಆಯ್ತು ಸಾ...ರ್!"

ಆ ರಾಗದಲ್ಲಿ ಅಮ್ಮನ ದನಿಯೂ ಇತ್ತು. ಅದು ಯಾಕಮ್ಮನಿಗೆ ಬೇರೆಯಾಗಿ ಕೇಳಿಸಿತು.

"ಇಲ್ಲ!"

ಮಾತು ಬಾಯಿಂದ ಜಾರಿದ ಮೇಲೇ ಅದು ತನ್ನದೇ ಅಂತ ಅವಳಿಗೆ ಗೊತ್ತಾಗಿದ್ದು.

ಎಲ್ಲರೂ ತಿರುಗಿ ನೋಡಿದರು. ಹಿಂದಿನ ಬೆಂಚಿನ ಒಬ್ಬ ಉದ್ದನೆಯ ಹುಡುಗ, "ಸರ್, ಹೊಸ ಅಡ್ಮಿಷನ್!" ಅಂದ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ಸರ್ ಕೂಡ ನಕ್ಕರು. "ಇದು ದೊಡ್ಡವರ ಪಾಠ ಪುಟ್ಟಾ. ನಿನಗೆ ಅರ್ಥ ಆಗದಿದ್ರೂ ನಡೆಯುತ್ತೆ" ಎಂದು ಡಸ್ಟರ್ ಎತ್ತಿಕೊಂಡರು.

ಯಾಕಮ್ಮ ತಲೆ ತಗ್ಗಿಸಿ ನೆಲ ನೋಡಿದಳು. ಆಗ ಬೆಂಚಿನ ಕೆಳಗೆ ಅಮ್ಮನ ಕಾಲು ಕಾಣಿಸಿತು. ಹೆಬ್ಬೆರಳು ಅತ್ತ ಇತ್ತ ಆಡುತ್ತಾ ಚಪ್ಪಲಿ ಹುಡುಕುತ್ತಿತ್ತು. ಒಂದು ಸಿಕ್ಕಿತು. ಇನ್ನೊಂದು ಬೆಂಚಿನ ಕಾಲಿನ ಹಿಂದೆ ಸರಿದು ಹೋಗಿತ್ತು. ಕಾಲು ಇನ್ನೊಮ್ಮೆ ತಡಕಾಡಿತು. ಆಮೇಲೆ ಹುಡುಕುವುದನ್ನು ಬಿಟ್ಟು, ಹಾಗೇ ನೆಲದ ಮೇಲೆ ಗಟ್ಟಿಯಾಗಿ ಊರಿಕೊಂಡಿತು.

ಅಮ್ಮ ಎದ್ದು ನಿಂತಿದ್ದಳು.

"ಅರ್ಥ ಆಗದೇ ಇರೋದು ಅವಳಿಗಲ್ಲ ಸರ್. ನನಗೆ."

ನಗು ನಿಂತಿತು. "ಈಗ ತಾನೇ ಆಯ್ತು ಅಂದ್ರಲ್ಲಮ್ಮ?"

"ಬಾಯಿ ಅಂದುಬಿಡ್ತು ಸರ್, ಅಭ್ಯಾಸ" ಅಂದಳು ಅಮ್ಮ. ಬೆಂಚಿನ ಅಂಚನ್ನು ಹಿಡಿದುಕೊಂಡಳು. "ಮಧ್ಯೆ ಎರಡು ವೈರ್ ಯಾಕೆ ಸರ್? ಒಂದು ಸಾಲದಾ?"

ಸರ್ ಬೋರ್ಡ್ ನೋಡಿದರು. ಅಮ್ಮನನ್ನು ನೋಡಿದರು.

"ಸರ್..." ಹಿಂದಿನಿಂದ ಉದ್ದನೆಯ ಹುಡುಗ ತಲೆ ಕೆರೆದುಕೊಂಡ. "ನನಗೂ ಅದೇ ಡೌಟು."

"ನಿನಗೂನಾ? ಎಲ್ಲರಿಗಿಂತ ಜೋರಾಗಿ ಆಯ್ತು ಅಂದವನು ನೀನೇ ಅಲ್ವೇನೋ!"

"ಆಂಟಿಗೆ ಆಗಿದೆ, ನನಗೊಬ್ಬನಿಗೇ ಆಗಿಲ್ಲ ಅಂದ್ಕೊಂಡೆ ಸರ್."

ಇನ್ನೂ ಎರಡು ಮೂರು ಕೈಗಳು ಮೆಲ್ಲಗೆ ಮೇಲೆದ್ದವು. ಸರ್ ಉಸ್ಸೆಂದು ಚಾಕ್‌ಪೀಸ್ ಕೆಳಗಿಟ್ಟರು. ಕೈ ಕೊಡವಿಕೊಂಡು ಮೂಲೆಯ ಕಡೆ ನೋಡಿದರು.

"ಬಾ ಪುಟ್ಟಾ ಇಲ್ಲಿ. ಶುರು ಮಾಡಿದ್ದು ನೀನೇ ತಾನೆ? ನೀನೇ ಕರೆಂಟು."

"ನಾನಾ?"

"ನೀನೇ. ನಿಮ್ಮಮ್ಮ ಮುಂದಿನ ಸ್ವಿಚ್ಚು. ಆ ಉದ್ದನೆಯವನು ಹಿಂದಿನ ಸ್ವಿಚ್ಚು. ಹಿಂದೆ ಬಾಗಿಲ ಹತ್ತಿರ ಕೂತವನೇ, ನೀನು ಬಲ್ಬು. ಕರೆಂಟು ಬಂದು ಮುಟ್ಟಿದ್ರೆ ಹತ್ತಬೇಕು. ಬೆಂಚುಗಳ ಮಧ್ಯೆ ಎರಡು ಓಣಿ ಇದೆಯಲ್ಲ, ಅವೇ ಎರಡು ವೈರು. ಬಲ್ಬಿನಿಂದ ವಾಪಸ್ ಹೋಗೋ ದಾರಿ ಬೇರೆ ಇದೆ, ಅದು ಈಗ ಬೇಡ. ಸ್ವಿಚ್ಚುಗಳೇ, ಯಾವಾಗಲೂ ಒಂದು ಓಣಿ ತೆರೀಬೇಕು, ಒಂದು ಮುಚ್ಚಬೇಕು. ಗೊತ್ತಾಯ್ತಾ?"

ಈ ಸಲ ಯಾರೂ "ಆಯ್ತು" ಅನ್ನಲಿಲ್ಲ. ನೋಡೋಣ ಅನ್ನುವ ಹಾಗೆ ಕೂತಿದ್ದರು.

ಅಮ್ಮ ಕೈ ಅಡ್ಡ ಹಿಡಿದು ಬಲಗಡೆಯ ಓಣಿ ಮುಚ್ಚಿದಳು. ಯಾಕಮ್ಮ ಎಡಗಡೆಯ ಓಣಿಯಲ್ಲಿ ಓಡಿದಳು. ಹಿಂದೆ ಉದ್ದನೆಯ ಹುಡುಗ ಅದನ್ನೇ ಮುಚ್ಚಿ ನಿಂತಿದ್ದ. ಢಿಕ್ಕಿ!

"ಬಲ್ಬು?" ಸರ್ ಕೇಳಿದರು.

"ಕತ್ತಲೆ ಸರ್" ಅಂದ ಬಲ್ಬಾದವನು.

"ಹಿಂದಿನ ಸ್ವಿಚ್ ಬದಲಾಯಿಸಲಿ."

ಉದ್ದನೆಯ ಹುಡುಗ ಅತ್ತ ಜಿಗಿದ. ಎಡ ಓಣಿ ತೆರೆಯಿತು. ಯಾಕಮ್ಮ ನೇರ ಓಡಿಹೋಗಿ ಬಲ್ಬನ್ನು ಮುಟ್ಟಿದಳು. ಅವನು ಎರಡೂ ಕೈ ಅಗಲಿಸಿ, ಕಣ್ಣು ಹಿಗ್ಗಿಸಿ, "ಹತ್ತಿತು!" ಎಂದು ಕಿರುಚಿದ. ಕ್ಲಾಸೆಲ್ಲ ಚಪ್ಪಾಳೆ.

"ಈಗ ಮುಂದಿನ ಸ್ವಿಚ್!"

ಅಮ್ಮ ಸರಿದು ಎಡಗಡೆ ಮುಚ್ಚಿದಳು. ಯಾಕಮ್ಮ ಬಲಗಡೆ ಓಡಿದಳು. ಆ ಓಣಿಯ ಕೊನೆಗೆ ಉದ್ದನೆಯ ಹುಡುಗ ಹಲ್ಲು ಕಿರಿಯುತ್ತಾ ಅಡ್ಡ ನಿಂತಿದ್ದ.

"ಓ...!" ಅಂದಳು ಅಮ್ಮ.

ಯಾಕಮ್ಮ ಅಲ್ಲಿಂದಲೇ ತಿರುಗಿ ನೋಡಿದಳು. ಅಮ್ಮನ ಮುಖ ಬಲ್ಬಾದವನ ಮುಖಕ್ಕಿಂತ ಜೋರಾಗಿ ಹತ್ತಿಕೊಂಡಿತ್ತು.

"ಇಬ್ಬರೂ ಒಂದೇ ಓಣಿ ತೆರೆದ್ರೆ ಬೆಳಕು. ಬೇರೆ ಬೇರೆ ತೆರೆದ್ರೆ ಕತ್ತಲೆ. ಅಷ್ಟೇನಾ ಸರ್? ಒಂದೇ ಓಣಿ ಇದ್ದಿದ್ರೆ, ನಾನು ಮುಚ್ಚಿದ ಮೇಲೆ ಅವನು ಅಲ್ಲಿ ಏನೇ ಮಾಡಿದ್ರೂ ಕತ್ತಲೆನೇ! ನಾನು ಕಟ್ಟಿದ್ದು ಅದನ್ನೇ!"

"ಅಷ್ಟೇ ಅಮ್ಮ. ಎಷ್ಟು ವರ್ಷದಿಂದ ಇದನ್ನ ಬೋರ್ಡ್ ಮೇಲೆ ಬರೀತಿದ್ದೀನಿ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ತಾನೆ?"

"ಕರೆಂಟಿಗೆ ಸುಸ್ತಾಯ್ತು ಸರ್" ಅಂದಳು ಯಾಕಮ್ಮ. ಸರ್ ತಮ್ಮ ನೀರಿನ ಬಾಟಲಿಯನ್ನೇ ಅವಳಿಗೆ ಕೊಟ್ಟರು.

ಮಧ್ಯಾಹ್ನ ಅಮ್ಮ ಹಲಗೆಯ ಮುಂದೆ ಕೂತು ಎರಡು ಸ್ವಿಚ್ಚುಗಳ ನಡುವೆ ವೈರ್ ಎಳೆದಳು. ಒಂದು ಎಳೆದು ಒಂದು ಕ್ಷಣ ಕೈ ನಿಲ್ಲಿಸಿದಳು. ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು. ಸರ್ ಬಗ್ಗಿ ಪರೀಕ್ಷಿಸಿ ಮೇನ್ ಸ್ವಿಚ್ ಹಾಕಿದರು. ಟಕ್, ಬೆಳಕು. ಟಕ್, ಕತ್ತಲೆ. ಎರಡೂ ಕಡೆಯಿಂದ. ಸಂಜೆ ಇಬ್ಬರೂ ಮನೆಗೆ ಬಂದರು. ಅಮ್ಮ ಮೆಟ್ಟಿಲ ಕೆಳಗಿನ ಸ್ವಿಚ್ ಒತ್ತಿ, ಗೋಡೆಯೊಳಗಿನದೆಲ್ಲ ಕಾಣುತ್ತಿದೆ ಅನ್ನುವ ಹಾಗೆ ಅದನ್ನೇ ನೋಡುತ್ತಾ ಮೆಲ್ಲಗೆ ಹತ್ತಿದಳು.

ಪರೀಕ್ಷೆಯ ದಿನ ಅವಳ ಬಲ್ಬು ಹತ್ತಿತು. ಬೇಕೆಂದಾಗ ಆರಿತು ಕೂಡ.

ಯಾಕಮ್ಮನ ಶಾಲೆಯ ಪೈಪು ರಿಪೇರಿಯಾಯಿತು. ವರಾಂಡ ಇನ್ನೂ ಪೂರ್ತಿ ಒಣಗಿರಲಿಲ್ಲ. ಒದ್ದೆಯಾಗಿದ್ದ ಶೂಗಳನ್ನು ಅವಳು ಬೆಂಚಿನ ಕೆಳಗೆ ಬಿಚ್ಚಿಟ್ಟು ಕೂತಿದ್ದಳು.

ಮಿಸ್ ಬೋರ್ಡಿನ ಮೇಲೆ ಒಂದು ರೊಟ್ಟಿಯ ಚಿತ್ರ ಬರೆದು ಭಾಗ ಮಾಡಿದರು. ಕೆಳಗೆ ಭಿನ್ನರಾಶಿಗಳನ್ನು ಬರೆದರು.

"ಎಂಟನೇ ಒಂದು ನಾಲ್ಕನೇ ಒಂದಕ್ಕಿಂತ ಚಿಕ್ಕದು. ಅರ್ಥ ಆಯ್ತಾ?"

"ಆಯ್ತು ಮಿ...ಸ್!"

ಯಾಕಮ್ಮನ ಬಾಯಿ ತೆರೆಯಲಿಲ್ಲ. ಅವಳು ಅತ್ತಿತ್ತ ನೋಡಿದಳು. ಪಕ್ಕದ ಹುಡುಗಿ ಆಯ್ತು ಅಂದವಳು ಪೆನ್ಸಿಲ್ ಕಚ್ಚುತ್ತಾ ಬೋರ್ಡನ್ನೇ ದಿಟ್ಟಿಸುತ್ತಿದ್ದಳು. ಮುಂದಿನ ಬೆಂಚಿನ ಹುಡುಗ ತಲೆ ಕೆರೆದುಕೊಳ್ಳುತ್ತಿದ್ದ.

ಮಿಸ್ ಡಸ್ಟರ್ ಎತ್ತಿಕೊಂಡರು.

ಯಾಕಮ್ಮ ಬೆಂಚಿನ ಕೆಳಗೆ ಕಾಲಾಡಿಸಿದಳು. ಒಂದು ಶೂ ಸಿಕ್ಕಿತು. ಇನ್ನೊಂದು ಎಲ್ಲೋ ಸರಿದುಹೋಗಿತ್ತು. ಕಾಲು ಒಮ್ಮೆ ಅತ್ತ, ಒಮ್ಮೆ ಇತ್ತ ತಡಕಾಡಿತು.

ಆಮೇಲೆ ಅವಳು ಹುಡುಕುವುದನ್ನು ಬಿಟ್ಟಳು. ಬೆಂಚಿನ ಅಂಚು ಹಿಡಿದುಕೊಂಡು, ತಣ್ಣಗಿನ ನೆಲದ ಮೇಲೆ ಬರಿಗಾಲೂರಿ ಎದ್ದು ನಿಂತಳು.

"ಮಿಸ್, ಯಾಕೆ?"