ಈರಬಸಪ್ಪನವರ ಗಾಜಿನ ಗುಂಡು

"ಇದು ಖೋಟಾ!"

ಸದಾನಂದ ಹೇಳಿದ್ದು ಎರಡೇ ಎರಡು ಮಾತು. ಪುಣೆ ಕ್ಯಾಂಪಿನ ಆ ಹರಾಜು ಅಂಗಡಿಯ ಗೋಡೆಗಳು ಗಡಗಡ ನಡುಗಿದವು. ದೂರದ ಖಡಕಿಯ ಫಿರಂಗಿಗಳೂ ಬಾಯಿ ಮುಚ್ಚಿಕೊಂಡವು ಎಂದರೆ ನಂಬಲೇಬೇಕು!

ಅದು ನಲವತ್ತಾರನೆಯ ಇಸವಿ. ಊರು ಬಿಡುತ್ತಿದ್ದ ಸಾಹೇಬರ ಸಾಮಾನು ಬೆಟ್ಟದಂತೆ ಬಂದು ಬೀಳುತ್ತಿದ್ದ ಕಾಲ. ಗಾಜು ಪರೀಕ್ಷೆಯಲ್ಲಿ ಆ ಅಂಗಡಿಯ ನೌಕರ ಸದಾನಂದನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಅವನ ಭೂತಗನ್ನಡಿಗೆ ಇರುವೆಯ ಮೀಸೆಯೂ ಹಗ್ಗದಷ್ಟು ದಪ್ಪ!

ಎದುರಿಗೆ ಕಾಶವ್ವ. ಅವಳ ಅಂಗೈಯಲ್ಲಿ ಗಾಜಿನ ಗುಂಡಿನಂಥ ವಿಲಾಯತಿ ಪೇಪರ್‌ವೇಟ್. ಒಳಗೆ ಒಂದು ಇಡೀ ಹೂದೋಟವೇ ಉಸಿರು ಬಿಗಿಹಿಡಿದು ಕುಳಿತಂತಿತ್ತು.

"ತಳ ನೋಡಿ. ನಿಜವಾದ ಹಳೆಯ ಪೇಪರ್‌ವೇಟಾದರೆ ಗೀರುಗಳು ದಿಕ್ಕಾಪಾಲಾಗಿ ಇರ್ತವೆ. ವರ್ಷಗಟ್ಟಲೆ ಮೇಜಿನ ಮೇಲೆ ಎಳೆದಾಡಿದ್ದಲ್ಲವಾ? ಇಲ್ಲಿ ಎಲ್ಲ ಒಂದೇ ಸಮ, ಸುತ್ತ ಸುತ್ತ ಉಂಟು. ಹೊಸದನ್ನು ಉಜ್ಜಿ ಹಳೆಯದು ಮಾಡಿದ್ದಾರೆ. ಹಿಂದೊಮ್ಮೆ ಒಬ್ಬ ಶೇಠಜಿ ಇದನ್ನೇ ತಂದಿದ್ದರು. ಆಗಲೂ ಹೀಗೇ ಹೇಳಿದ್ದೆ."

ಕಾಶವ್ವನ ಮುಖ ಬಿಳಿಚಿತು.

"ಆ ಮಾತು… ನಿಮ್ಮದೇನ್ರಿ?"

"ಹೌದು. ಯಾಕೆ?"

"ನಮ್ಮಪ್ಪನ ಅಂಗಡ್ಯಾಗ ಕೊಂಡಿದ್ದ ಶೇಠಜಿ ಇದನ್ನ ಅವನ ಮುಂದ ಒಗದು ಹೋದ್ರು. ಈರಬಸಪ್ಪ ಖೋಟಾ ಮಾಲು ಮಾರತಾನ ಅಂತ ಪ್ಯಾಟಿ ತುಂಬ ಆತು. ಅಂಗಡಿ ಮುಚ್ಚಿತು. ಹಾಸಗಿ ಹಿಡದಾಂವ ಏಳಲಿಲ್ಲ. 'ಖರೇ ಅದ ಕಾಶಿ, ಖರೇ ಅದ' ಅನಕೋತನ ಹೋದ… ಅವನ ಹೆಸರು ಉಳಿಸಬೇಕಂತ ಬಂದೆ. ಬಂದು ಬಂದು ಯಾರ ಕಡೆ ಬಂದೆ ನೋಡ್ರಿ!"

ಅವಳು ನಕ್ಕಳು. ಆ ನಗೆಗೆ ಸದಾನಂದನ ಬೆನ್ನಹುರಿ ಹಿಮಗಡ್ಡೆಯಾಯಿತು.

ಕಾಶವ್ವ ಹೋದಳು. ಆದರೆ ಅಂದಿನಿಂದ ಯಾವ ಗಾಜು ನೋಡಿದರೂ ಅದರಲ್ಲಿ ಒಬ್ಬ ಮುದುಕನ ಕಣ್ಣು! ಭೂತಗನ್ನಡಿಯಲ್ಲಿ, ಕ್ಷೌರದ ಕನ್ನಡಿಯಲ್ಲಿ, ತನ್ನ ಸೋದರಮಾವನ ಹೋಟೆಲಿನ ಚಹಾ ಗ್ಲಾಸಿನಲ್ಲೂ. ಆ ಕಣ್ಣು ಕೇಳುತ್ತಿದ್ದುದು ಒಂದೇ ಪ್ರಶ್ನೆ…

'ಒಳಗ ನೋಡಿದೇನು?'

ಇಲ್ಲ. ನೋಡಿರಲಿಲ್ಲ! ಎರಡು ಸಲವೂ ತಳ ತಿರುಗಿಸಿದ್ದ, ಗೀರು ನೋಡಿದ್ದ, ತೀರ್ಪು ಕೊಟ್ಟಿದ್ದ. ಅವನ ಜಂಬ ಸಿಂಹಗಡಕ್ಕಿಂತ ಒಂದು ಮೊಳ ಎತ್ತರವಿತ್ತು.

ಇತ್ತ ಭವಾನಿ ಪೇಠೆಯ ಕಾಶವ್ವನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆ ಗುಂಡಿನ ಕಡೆಯಿಂದ ಅಪ್ಪನ ಕೆಮ್ಮು ಕೇಳಿಸುತ್ತಿತ್ತು.

'ಅಪ್ಪಾ… ಇನ್ನ ನಾ ಏನ ಮಾಡಲಿ?' ಕಾಶವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಆಯುಧಗಳಿಗೂ ಅಂಗಡಿ ಸಾಮಾನಿಗೂ ಪೂಜೆ ಮಾಡುವ ಖಂಡೇಪೂಜೆಯ ಮುಂಜಾನೆ ಸದಾನಂದ ಆ ಮನೆಯ ಬಾಗಿಲಿಗೆ ಬಂದ. ನಿದ್ದೆಗೆಟ್ಟ ಅವನ ಕಣ್ಣು ಕೆಂಡಕ್ಕಿಂತ ಕೆಂಪು. ಕಾಶವ್ವನ ತಾಯಿ ಬಸವಣ್ಣೆವ್ವ ಹೊಸ್ತಿಲಲ್ಲೇ ತಡೆದಳು.

"ಬರ್ರಿ, ಬರ್ರಿ! ಇನ್ನ ಏನೇನು ಖೋಟಾ ಅದಾವ ನೋಡಿ ಹೋಗ್ರಿ. ನಾನೂ ಖೋಟಾನ ಇರಬೇಕು!"

"ಅಮ್ಮಾ, ಒಂದೇ ಒಂದು ಸಲ ಅದನ್ನು ನೋಡಬೇಕು. ಕೈ ಮುಗೀತೇನೆ."

ಬಸವಣ್ಣೆವ್ವ ದಾರಿ ಬಿಟ್ಟಳು. ಅಂಗಳದಲ್ಲಿ ಕಾಶವ್ವ ಅಂಗಡಿಯ ಹಳೆಯ ಸಾಮಾನು ತಿಕ್ಕುತ್ತಿದ್ದಳು. ತಕ್ಕಡಿ, ಬೀಗ, ಗಾಜಿನ ಮಸಿಕುಡಿಕೆ… ಕೈಯಲ್ಲಿ ಇಟ್ಟಿಗೆ ಪುಡಿ. ಸುತ್ತ ಸುತ್ತ, ಒಂದೇ ಸಮ.

ಸದಾನಂದ ಮಸಿಕುಡಿಕೆ ಎತ್ತಿ ತಳ ನೋಡಿದ. ಅವೇ ಗೀರುಗಳು!

"ಪ್ರತಿ ವರ್ಷ ಹೀಗೇ ತಿಕ್ತೀರಾ?"

"ಹೌದ್ರಿ. ಪೂಜಿಗೆ ಅಂಗಡಿ ಸಾಮಾನೆಲ್ಲಾ ನಾನ ತಿಕ್ಕತೇನಿ. ಗಾಜಿಂದು ಮೈ ಅರಬೀಲೆ ಒರಸೋದು, ತಳಕ್ಕ ಇಟ್ಟಂಗಿ ಪುಡಿ. ಹೊಲಸು ತಳ ದೇವರ ಮುಂದ ಇಡತಾರೇನು?"

ಅವನು ಗುಂಡನ್ನು ಬೇಡಿ ಪಡೆದ. ಬಿಸಿಲಿಗೆ ಹಿಡಿದು, ಭೂತಗನ್ನಡಿಯಿಟ್ಟು, ಮೊದಲ ಬಾರಿಗೆ ಒಳಗೆ ನೋಡಿದ. ಖೋಟಾ ಗಾಜಿನಲ್ಲಿ ಹೂಗಳು ಕಲಸಿಕೊಂಡಿರುತ್ತವೆ, ಗುಂಡೂ ಹಗುರ. ಇಲ್ಲಿ ಒಂದೊಂದು ಎಸಳಿನ ಅಂಚೂ ಸೂಜಿಯಲ್ಲಿ ಬರೆದಂತಿತ್ತು. ಸೀಸ ಬೆರೆತ ಗಾಜಿನ ಭಾರಕ್ಕೆ ಅವನ ಕೈ ಭೂಮಿಗೇ ಇಳಿಯಿತು!

"ಖರೆ… ನಿಮ್ಮ ತಂದೆ ಹೇಳಿದ್ದು ಖರೆ."

"ಮತ್ತ ಖೋಟಾ ಅಂದದ್ದು ಯಾಕ?"

"ನನ್ನ ಕಣ್ಣು ಸೋತಿತು. ಅಷ್ಟೇ."

ಅವನು ಮುಖ ತಿರುಗಿಸಿದ. ಕಾಶವ್ವ ಅವನ ಕೈಯ ಮಸಿಕುಡಿಕೆ ನೋಡಿದಳು. ಆಮೇಲೆ ಕೆಂಪಗಾಗಿದ್ದ ತನ್ನ ಬೆರಳುಗಳನ್ನು.

"ಈ ಗೀರು… ನನ್ನ ಕೈಲೆ ಆದದ್ದು?" ಧ್ವನಿ ಒಡೆಯಿತು. "ಅಪ್ಪನ್ನ ನಾನ ಕೊಂದೆನೇನ್ರಿ?"

"ಇಲ್ಲ! ನೀವು ಪೂಜೆಗೆ ತೊಳೆದದ್ದು. ಒಳಗೆ ನೋಡದೆ ತೀರ್ಪು ಕೊಟ್ಟವ ನಾನು. ಅದರಲ್ಲಿ ನಿಮಗೆ ಪಾಲಿಲ್ಲ."

ಅವಳು ಅತ್ತಳು. ಮುಳಾ ಮುಠಾ ಹೊಳೆಗಳಿಗೆ ಮಹಾಪೂರ ಬರುವಷ್ಟು! ಅವನು ಗೋಡೆಗೊರಗಿ ನಿಂತೇ ಇದ್ದ. ಹೋಗಲಿಲ್ಲ.

"ಮಂದಿ ಮುಂದ ಹೇಳತೀರೇನು?"

"ಹೇಳ್ತೇನೆ. ಆಮೇಲೆ ನನ್ನ ಮಾತಿಗೆ ಯಾವ ಕಿಮ್ಮತ್ತೂ ಇರೋದಿಲ್ಲ."

"ಅಪ್ಪಂದೂ ಹಂಗ ಹೋತಲ್ರಿ…"

ಮರುವಾರದ ಹರಾಜಿನಲ್ಲಿ ಅವನು ಮೇಜಿನ ಮೇಲೆ ಹತ್ತಿ ನಿಂತ. ಶೇಠಜಿ ಇದ್ದರು, ಮಾಲಕನಿದ್ದ, ಅರ್ಧ ಪುಣೆ ಇತ್ತು.

"ಈರಬಸಪ್ಪನವರು ಸುಳ್ಳು ಮಾರಲಿಲ್ಲ! ಒಳಗೆ ನೋಡದೆ ಸುಳ್ಳು ಹೇಳಿದವ ನಾನು!" ಮರಾಠಿಯಲ್ಲಿ ಕೂಗಿದ. ಸಾಲದೆಂಬಂತೆ ಕನ್ನಡದಲ್ಲೂ.

ಹಿಂದಿನಿಂದ ಹೆಣ್ಣು ಧ್ವನಿಯೊಂದು ಕೇಳಿಸಿತು. "ತಳ ತಿಕ್ಕಿದಾಕಿ ನಾನು! ಅವರೊಬ್ಬರನ್ನ ಬೈಬ್ಯಾಡ್ರಿ!"

ಶೇಠಜಿ ತಲೆಯ ಟೋಪಿ ತೆಗೆದು ನಿಂತರು. ಮಾಲಕ ಮಾತ್ರ ಸದಾನಂದನಿಗೆ ಬಾಗಿಲು ತೋರಿಸಿದ.

ಹೊರಗೆ ಟಾಂಗಾಗಳ ಗದ್ದಲ. ಕಾಶವ್ವ ಅವನ ಪಕ್ಕ ಬಂದು ನಿಂತಳು.

"ಮಂದಿಗೆ ಹೇಳಿದ್ರಿ. ನನಗೇನರೆ ಹೇಳೋದು ಉಳದದೇನು?"

"ಉಂಟು…"

"ಹೇಳ್ರಿ ಮತ್ತ."

"ಕೆಲಸ ಇಲ್ಲ, ಹೆಸರಿಲ್ಲ. ಯಾವ ಬಾಯಲ್ಲಿ ನಿಮ್ಮ ಅಮ್ಮನ ಹತ್ತಿರ ನಿಮ್ಮನ್ನು ಕೇಳುವುದು? ಹೆದರಿಕೆ ಆಗ್ತದೆ, ಕಾಶವ್ವ."

"ನನಗೂ ಆಗತದ." ಅವಳು ಅವನ ಬೆರಳು ಹಿಡಿದಳು. "ಹೆದರಕೋತನ ಹೋಗೋಣ ಬರ್ರಿ. ಅವ್ವ ರೊಟ್ಟಿ ಬಡದು ಕುಂತಾಳ."