ಕಣ್ಣಿಗೊತ್ತಿದ ರೇಷ್ಮೆ

2025ರ ಏಪ್ರಿಲ್ 16, ಬುಧವಾರ, ಬೆಳಗ್ಗೆ 9 ಗಂಟೆ 20 ನಿಮಿಷ. ಸೇಲಂನ ನೇಕಾರರ ಬೀದಿ. ನೂಲು ಕೊಟ್ಟು ನೇಯಿಸುವ ಯಜಮಾನ ರಾಮಚಂದ್ರಪ್ಪನವರ ಜಗಲಿಯ ತಕ್ಕಡಿಯಲ್ಲಿ ಕಳ್ಳತನ ಬಯಲಾಯಿತು.

ವೆಂಕಟಲಕ್ಷ್ಮಮ್ಮ ನೇಯಲು ಒಯ್ದಿದ್ದು ಒಂದು ಕಿಲೋ ಬಿಳಿ ರೇಷ್ಮೆ ನೂಲು. ನೇಯ್ದು ತಂದ ಪಂಚೆ, ಉಳಿದ ಚೂರುನೂಲು ಎಲ್ಲ ಸೇರಿಸಿದರೂ ಎಂಬತ್ತು ಗ್ರಾಂ ಕಡಿಮೆ.

"ಎಲ್ಲಿ ಓಯ್ತಕ್ಕಾ? ಗಾಳೀಲಿ ಕರಗೋಯ್ತಾ?" ತೂಕ ಹಾಕುವ ಶಿವಲಿಂಗಂ ನಕ್ಕ.

"ನಾಳೆ ಬೆಳಗ್ಗೆಗೆ ನೂಲು ಬರ್ಬೇಕು. ಇಲ್ದಿದ್ರೆ ಮಗ್ಗ ಬಿಚ್ಚಿಸ್ತೀನಿ," ಎಂದರು ರಾಮಚಂದ್ರಪ್ಪ.

ಕಳ್ಳಿ ಅನ್ನಿಸಿಕೊಂಡವಳಿಗೆ ಆ ಬೀದಿಯಲ್ಲಿ ಇನ್ನಾರೂ ನೂಲು ಕೊಡುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಮೇನಕಾಗೆ ಅದು ಗೊತ್ತಿತ್ತು. ಅವಳು ವೆಂಕಟಲಕ್ಷ್ಮಮ್ಮನ ಅಣ್ಣನ ಮಗಳು. ಭೌತಶಾಸ್ತ್ರದ ಡಿಗ್ರಿ ಮುಗಿಸಿ, ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಳು.

* * *

ಮಧ್ಯಾಹ್ನ. ಬೀದಿಯ ಮಗ್ಗಗಳ ಸದ್ದು ದೂರದ ಜೋಗುಳದಂತೆ ಕೇಳುತ್ತಿತ್ತು. ಅತ್ತೆಯ ಮಗ್ಗ ಮಾತ್ರ ಸುಮ್ಮನಿತ್ತು. ಬೆಳಕಿಂಡಿಯ ಬೆಳಕಿನಲ್ಲಿ ರೇಷ್ಮೆಯ ಎಳೆಗಳು ತೇಲುತ್ತಿದ್ದವು.

"ನೂಲನ್ನ ಕಂಡಿಕೆಗೆ ಸುತ್ತೋಕೆ ಪೂಂಗೊಡಿ ಬರ್ತಾಳಲ್ಲ, ಅವಳೇನಾದ್ರೂ?" ಮೇನಕಾ ಕೇಳಿದಳು.

"ಚುಮ್ಮಾ ಇರೇ! ನನ್ ಕಣ್ಮುಂದೆ ಸುತ್ತಾಳೆ. ಬರಿಗೈಲಿ ಬರ್ತಾಳೆ, ಬರಿಗೈಲಿ ಓಗ್ತಾಳೆ."

ಇಲಿ? ಇಲಿ ಕಡಿದರೆ ಚೂರು ಉಳಿಯಬೇಕು. ಮಗ್ಗದ ಗುಂಡಿಗಿಳಿದು ನೋಡಿದಳು. ಏನೂ ಇಲ್ಲ.

ಕ್ಲಾಸಿನಲ್ಲಿ ಕಲಿತದ್ದು ನೆನಪಾಯಿತು: ಸಾಕ್ಷ್ಯ ಯಾವ ಕೈಯಿಂದ ಯಾವ ಕೈಗೆ ಬಂತೋ, ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಕಣ್ಣು ಮುಚ್ಚಿ ನಡೆದಳು. ಪಂಚೆ, ಮಗ್ಗ, ಕಂಡಿಕೆ, ಯಜಮಾನರು ಕೊಟ್ಟ ನೂಲಿನ ಲಡಿ.

"ಅತ್ತೆ, ನೂಲು ಕೈಗೆ ಬಂದಾಗ ಏನ್ ಮಾಡಿದ್ರಿ?"

"ಇನ್ನೇನ್ ಮಾಡ್ತಾರೆ? ಕಣ್ಣಿಗೊತ್ಕಂಡೆ. ಎಷ್ಟು ತಣ್ಣಗಿತ್ತು ಅಂತೀಯ! ಅಮ್ಮನವ್ರೇ ಕೈ ಇಟ್ಟಂಗಿತ್ತು."

ಮೇನಕಾ ಕಣ್ಣು ತೆರೆದಳು. ಬೀದಿಯ ಟಾರು ಕುದಿಯುವ ಈ ಕಾಲದಲ್ಲಿ, ತಣ್ಣಗೆ?

* * *

ಮರುದಿನ ಬೆಳಗ್ಗೆ ಜಗಲಿಯಲ್ಲಿ ಇನ್ನೊಬ್ಬಳಿಗೆ ನೂಲು ತೂಗುತ್ತಿದ್ದರು. ಸರಿಯಾಗಿ ಒಂದು ಕಿಲೋ. ಮೇನಕಾ ಅದರಲ್ಲೊಂದು ಲಡಿಯನ್ನು ಕಣ್ಣಿಗೊತ್ತಿಕೊಂಡಳು. ತಂಪು.

"ಯಜಮಾನ್ರೇ, ಇದನ್ನ ಒಳಗೆ ಫ್ಯಾನಿನ ಕೆಳಗೆ ನೇತಾಕಿ. ಮಧ್ಯಾಹ್ನ ಮತ್ತೆ ತೂಗೋಣ."

"ವಾಮ್ಮಾ ಪೊಲೀಸಮ್ಮ! ರೇಷ್ಮೆಗೆ ಗಾಳಿ ಹಾಕೋದನ್ನೂ ಕಾಲೇಜಲ್ಲಿ ಕಲಿಸ್ತಾರಾ?" ಶಿವಲಿಂಗಂ ಲಡಿಗೆ ಕೈ ಚಾಚಿದ.

"ಬಿಡೋ, ನೇತಾಕ್ಲಿ," ಎಂದರು ರಾಮಚಂದ್ರಪ್ಪ. "ನಮಗೇನ್ ನಷ್ಟ?"

ಶಿವಲಿಂಗಂ ಕೈ ಹಿಂದೆಗೆದು, ನೂಲಿನ ಕೋಣೆಯ ಬಾಗಿಲ ಕಡೆ ನೋಡಿದ. ಮೇನಕಾ ಅದನ್ನೇ ನೋಡುತ್ತಿದ್ದಳು.

"ನೂಲಿನ ಕೋಣೆ ಬೀಗದ ಕೈ ಯಾರತ್ರ?"

"ಇವನತ್ರಾನೇ."

ಕೋಣೆ ತೆರೆಸಿದರು. ಕಪಾಟಿನ ಕೆಳಗೆ ತೊಟ್ಟಿ, ತೊಟ್ಟಿಯಲ್ಲಿ ಒದ್ದೆ ಮರಳು, ಮೇಲೆ ನೆನೆದ ಗೋಣಿ. ಬಾವಿಯೊಳಗೆ ಇಳಿದಂತೆ ತಣ್ಣಗಿತ್ತು.

"ರೇಷ್ಮೆ ಗಾಳಿಯ ತೇವ ಕುಡಿಯುತ್ತೆ," ಎಂದಳು ಮೇನಕಾ. "ಕುಡಿದರೂ ಕೈಗೆ ಒದ್ದೆ ಅನಿಸಲ್ಲ. ಒಣ ನೂಲು ಬರುತ್ತೆ. ಇಲ್ಲಿ ತೂಕ ಏರುತ್ತೆ. ಏರಿದಷ್ಟು ನೂಲನ್ನ ಇವರು ತೆಗೀತಾರೆ. ನಿಮ್ಮ ಲೆಕ್ಕ ಸರಿಯಾಗೇ ಇರುತ್ತೆ. ಮಳೆಗಾಲದಲ್ಲಿ ನೇಯ್ದ ಪಂಚೆಗೂ ಅಷ್ಟೇ ತೇವ, ಅದಕ್ಕೇ ಯಾರಿಗೂ ತಿಳೀಲಿಲ್ಲ. ಬೇಸಿಗೇಲಿ ಮಗ್ಗದ ಮೇಲೆ ಆ ತೇವ ಆರಿ ತೂಕ ಇಳಿಯುತ್ತೆ, ಆದ್ರೂ ಇವರು ನಿಲ್ಲಿಸಲಿಲ್ಲ. ಅಲ್ಲೇ ತಪ್ಪಿದ್ರು."

"ಎಲ್ಲೋ ನನ್ ನೂಲು?" ರಾಮಚಂದ್ರಪ್ಪನವರ ದನಿ ಸಣ್ಣಗಾಗಿತ್ತು.

ಶಿವಲಿಂಗಂ ನೆಲ ನೋಡಿದ. "ಮಾರ್ಬಿಟ್ಟೆ ಯಜಮಾನ್ರೇ."

* * *

ಹಜಾರದಲ್ಲಿ ಎಲ್ಲರೂ ಕಾದು ಕುಳಿತರು. ಫ್ಯಾನಿನ ಕೆಳಗೆ ಬಿಳಿ ಲಡಿಗಳು ನಿದ್ದೆಯಲ್ಲಿ ಉಸಿರಾಡುವಂತೆ ತೂಗುತ್ತಿದ್ದವು. ವೆಂಕಟಲಕ್ಷ್ಮಮ್ಮ ಮೇನಕಾಳ ಭುಜಕ್ಕೊರಗಿದರು.

"ಇದೇ ಏನೇ ನೀನ್ ಓದೋದು?"

"ಇದೂ ಐತೆ ಅತ್ತೆ."

ಮಧ್ಯಾಹ್ನ ರಾಮಚಂದ್ರಪ್ಪನವರೇ ಎದ್ದು, ಬೆಳಗ್ಗೆ ಒಂದು ಕಿಲೋ ತೂಗಿದ್ದ ಲಡಿಗಳನ್ನು ಇಳಿಸಿ, ತಕ್ಕಡಿಯ ಮೇಲಿಟ್ಟರು. ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದರು.

ಒಂಬೈನೂರ ಹದಿನೆಂಟು ಗ್ರಾಂ.